ತರಗತಿಯಿಂದ ಇನ್‌ಸ್ಟ್ರಕ್ಷನಲ್ ಡಿಸೈನ್‌ಗೆ: ಹುಬ್ಬಳ್ಳಿ-ಧಾರವಾಡದ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಕಂಪನಿ, ಆಸ್ಪತ್ರೆ, ಬ್ಯಾಂಕು, ವಿಶ್ವವಿದ್ಯಾಲಯ ಯಾವುದೇ ಇರಲಿ, ತನ್ನ ಜನರಿಗೆ ಏನನ್ನೋ ಕಲಿಸಬೇಕಾದಾಗ ಆ ಕಲಿಕೆಯನ್ನು ಯೋಜಿಸಿ, ಬರೆದು, ಪರದೆಗೋ ತರಬೇತಿ ಕೊಠಡಿಗೋ ತರುವವರು ಬೇಕಾಗುತ್ತಾರೆ. ಅವರನ್ನು ಇನ್‌ಸ್ಟ್ರಕ್ಷನಲ್ ಡಿಸೈನರ್ ಎನ್ನುತ್ತಾರೆ. ಆ ವಲಯದ ಮಾತಿನಲ್ಲಿ ಚುಟುಕಾಗಿ ಐಡಿ. ಪಾಠ ಯೋಜನೆ ಬರೆದು, ಪ್ರಶ್ನೆಪತ್ರಿಕೆ ತೆಗೆದು ಪಳಗಿದ ಶಿಕ್ಷಕರಿಗೆ ಈ ಕೆಲಸದ ಅರ್ಧ ಈಗಾಗಲೇ ಗೊತ್ತಿರುತ್ತದೆ. ಉಳಿದರ್ಧ ಕಷ್ಟದ್ದು. ತರಗತಿಯಲ್ಲಿ ಪಾಠ ತಪ್ಪಿದರೆ ಮಕ್ಕಳ ಮುಖ ನೋಡಿಯೇ ನೀವು ಅಲ್ಲೇ ಸರಿಪಡಿಸುತ್ತೀರಿ. ಐಡಿ ಬರೆದ ಪಾಠ ಓಡುವಾಗ ಬರೆದವರು ಅಲ್ಲಿರುವುದಿಲ್ಲ. ಆದ್ದರಿಂದ ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದನ್ನು ಮೊದಲೇ ಊಹಿಸಿ, ಅದಕ್ಕೆ ಉತ್ತರವನ್ನೂ ಪಾಠದೊಳಗೇ ಇಡಬೇಕು. ಈ ಮಾರ್ಗದರ್ಶಿಯ ಬಹುಪಾಲು ಆ ಅಭ್ಯಾಸವನ್ನು ಬೆಳೆಸಿಕೊಳ್ಳುವುದರ ಬಗ್ಗೆಯೇ ಇದೆ.

ಯಾವ ಕೆಲಸ, ಯಾರ ಹತ್ತಿರ

ಕೆಲಸ ಕೊಡುವವರು ಸ್ಥೂಲವಾಗಿ ನಾಲ್ಕು ಬಗೆ. ಬೇರೆ ಕಂಪನಿಗಳಿಗೆ ತರಬೇತಿ ಮಾಡಿಕೊಡುವ ಇ-ಲರ್ನಿಂಗ್ ಸಂಸ್ಥೆಗಳು, ಇವು ಹೆಚ್ಚಾಗಿ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿವೆ. ದೊಡ್ಡ ಕಂಪನಿಗಳೊಳಗಿನ ತರಬೇತಿ ವಿಭಾಗಗಳು. ಆನ್‌ಲೈನ್ ಕೋರ್ಸ್ ನಡೆಸುವ ವಿಶ್ವವಿದ್ಯಾಲಯಗಳು ಮತ್ತು ಎಡ್‌ಟೆಕ್ ಸಂಸ್ಥೆಗಳು. ಶಿಕ್ಷಣ, ಆರೋಗ್ಯ, ಕೃಷಿಯಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು. ಹುಬ್ಬಳ್ಳಿಯಲ್ಲೇ ಕಚೇರಿ ಇರುವ ಐಡಿ ಹುದ್ದೆಗಳು ಕಡಿಮೆ. ಇಲ್ಲಿದ್ದುಕೊಂಡೇ ಮಾಡಬೇಕೆಂದರೆ ಮನೆಯಿಂದ ಕೆಲಸ, ಒಪ್ಪಂದದ ಕೆಲಸ ಅಥವಾ ವಾರಕ್ಕೆರಡು ದಿನ ಬೆಂಗಳೂರು, ಈ ಮೂರರಲ್ಲಿ ಒಂದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಹುದ್ದೆಯ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಇನ್‌ಸ್ಟ್ರಕ್ಷನಲ್ ಡಿಸೈನರ್, ಲರ್ನಿಂಗ್ ಡಿಸೈನರ್ ಎಂದರೆ ಹೆಚ್ಚಾಗಿ ಯೋಜನೆ ಮತ್ತು ಬರಹ. ಇ-ಲರ್ನಿಂಗ್ ಡೆವಲಪರ್ ಎಂದರೆ ಸಾಫ್ಟ್‌ವೇರಿನಲ್ಲಿ ಕಟ್ಟುವುದು. ಕಂಟೆಂಟ್ ಡೆವಲಪರ್ ಎಂದರೆ ಪ್ರಶ್ನೆ, ವಿವರಣೆ, ಪಾಠ ಬರೆಯುವುದು. ಶಿಕ್ಷಕರಿಗೆ ಮೊದಲು ತೆರೆಯುವ ಬಾಗಿಲು ಇದೇ. ಅಕಾಡೆಮಿಕ್ ಕೌನ್ಸೆಲರ್ ಎಂಬ ಹೆಸರಿನಲ್ಲಿ ಬರುವ ಕರೆಗಳಲ್ಲಿ ಅನೇಕವು ಕೋರ್ಸ್ ಮಾರುವ ಕೆಲಸ. ಸಂದರ್ಶನಕ್ಕೆ ಮೊದಲೇ "ತಿಂಗಳಿಗೆ ಮಾರಾಟದ ಗುರಿ ಇದೆಯೇ" ಎಂದು ನೇರವಾಗಿ ಕೇಳಿ.

ಇಂಗ್ಲಿಷಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಕಾರ್ಪೊರೇಟ್ ಕೆಲಸದ ಬರಹ, ಸಭೆ, ಇಮೇಲ್ ಎಲ್ಲ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಇದು ದಾಟಬಹುದಾದ ತಡೆ. ಈ ಕೆಲಸಕ್ಕೆ ಅಲಂಕಾರದ ಇಂಗ್ಲಿಷ್ ಬೇಡ, ಗಿಡ್ಡ, ಸ್ಪಷ್ಟ ವಾಕ್ಯ ಸಾಕು. ದಿನಾ ಒಂದು ಗೃಹಬಳಕೆಯ ಯಂತ್ರದ ಕೈಪಿಡಿಯ ಅರ್ಧ ಪುಟವನ್ನು ಇಂಗ್ಲಿಷಿನಲ್ಲಿ, ವಾಕ್ಯಕ್ಕೆ 15 ಪದ ಮೀರದಂತೆ, ತಿರುಗಿ ಬರೆಯಿರಿ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ನಿಮ್ಮ ಕೈಯಲ್ಲಿ ಈಗಾಗಲೇ ಇರುವುದು

5ಇ ಮಾದರಿಯ ಪಾಠ ಯೋಜನೆ, ಕಲಿಕಾ ಫಲಗಳು, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಎಫ್‌ಎ-ಎಸ್‌ಎ ದಾಖಲೆ, ಕಲಿಕಾ ಚೇತರಿಕೆಯ ಹಾಳೆಗಳು: ಇವೆಲ್ಲ ಐಡಿಯ ದಿನನಿತ್ಯದ ಸಾಮಗ್ರಿಯೇ. ನೀಲನಕ್ಷೆ ಮಾಡಿದವರಿಗೆ ಯಾವ ಉದ್ದೇಶಕ್ಕೆ ಎಷ್ಟು ಪ್ರಶ್ನೆ, ಯಾವ ಮಟ್ಟದ್ದು ಎಂಬ ಲೆಕ್ಕ ರಕ್ತಗತ. ನಲಿ-ಕಲಿ ತರಗತಿ ನಡೆಸಿದವರಿಗೆ ಕಲಿಕಾ ಏಣಿ ಗೊತ್ತು. ಒಬ್ಬೊಬ್ಬರೂ ತಮ್ಮ ವೇಗದಲ್ಲಿ ಮುಂದೆ ಸಾಗುವ ಕಲಿಕೆಯನ್ನು ಕೋಣೆಯಲ್ಲಿ ಕೂತು ಕಲ್ಪಿಸಿಕೊಳ್ಳುವವರಿಗಿಂತ ಅವರು ಬಹಳ ಮುಂದಿದ್ದಾರೆ.

ಬಿಡಬೇಕಾದದ್ದು ಎರಡಿವೆ. ಒಂದು, "ಪಠ್ಯ ಮುಗಿಸುವುದು". ಉದ್ಯೋಗಿಗೆ ಪಠ್ಯ ಇಲ್ಲ, ಮಾಡಬೇಕಾದ ಕೆಲಸ ಇದೆ. ಆ ಕೆಲಸಕ್ಕೆ ಬೇಡದ ಮಾಹಿತಿ ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು, ಮತ್ತು ವಿಷಯವನ್ನು ಪ್ರೀತಿಸುವ ಶಿಕ್ಷಕರಿಗೆ ಇದು ನಿಜಕ್ಕೂ ನೋವಿನ ಕೆಲಸ. ಎರಡು, ಎಲ್ಲ ಸಮಸ್ಯೆಗೂ ಪಾಠವೇ ಪರಿಹಾರ ಎಂಬ ನಂಬಿಕೆ. ಇದರ ಉದಾಹರಣೆ ಮುಂದೆ ಬರುತ್ತದೆ.

ಹತ್ತು ತಿಂಗಳ ಲೆಕ್ಕ

ಜೂನ್‌ನಲ್ಲಿ ಶುರು ಮಾಡಿದರೆ ಮಾರ್ಚ್ ಹೊತ್ತಿಗೆ ಸಿದ್ಧವಾಗಬಹುದು. ವಾರಕ್ಕೆ 6 ಗಂಟೆ ಸಾಕು: ಭಾನುವಾರ 4, ವಾರದ ಮಧ್ಯೆ ಒಂದೊಂದು ಗಂಟೆಯಂತೆ 2. ಜೂನ್-ಜುಲೈ ಸಿದ್ಧಾಂತ ಮತ್ತು ಇಂಗ್ಲಿಷ್ ಬರಹ. ಆಗಸ್ಟ್-ಸೆಪ್ಟೆಂಬರ್ ಮೊದಲ ಪ್ರಾಜೆಕ್ಟಿನ ವಿಶ್ಲೇಷಣೆ ಮತ್ತು ಸ್ಟೋರಿಬೋರ್ಡ್, ಅಂದರೆ ಪರದೆ ಪರದೆಯಾಗಿ ಬರೆದ ಪಾಠದ ನಕ್ಷೆ. ದಸರಾ ರಜೆ ಸಾಫ್ಟ್‌ವೇರಿಗೆ, ಏಕೆಂದರೆ ಅದಕ್ಕೆ ಬಿಡಿ ಗಂಟೆಗಳು ಸಾಲವು, ಸತತ ದಿನಗಳು ಬೇಕು. ನವೆಂಬರ್-ಡಿಸೆಂಬರ್ ಇನ್ನೆರಡು ಸಣ್ಣ ಮಾದರಿಗಳು. ಜನವರಿಯಿಂದ ಅರ್ಜಿ. ಎಸ್‌ಎಸ್‌ಎಲ್‌ಸಿ ತರಗತಿ ಇರುವವರಿಗೆ ಜನವರಿ-ಫೆಬ್ರವರಿ ಕೈಗೆ ಸಿಗುವುದಿಲ್ಲ. ಅವರು ಅರ್ಜಿಯನ್ನು ಏಪ್ರಿಲ್ ರಜೆಗೆ ಇಟ್ಟುಕೊಳ್ಳಲಿ.

ಸಿದ್ಧಾಂತ ಎಷ್ಟು ಬೇಕು

ಐದು ವಿಷಯ ಸಾಕು. ಬಿ.ಎಡ್.ನಲ್ಲಿ ಓದಿದ ಬ್ಲೂಮ್ ವರ್ಗೀಕರಣದ 1956ರ ರೂಪ ಮತ್ತು 2001ರ ಪರಿಷ್ಕೃತ ರೂಪ. ಎಡಿಡಿಐಇ, ಅಂದರೆ ವಿಶ್ಲೇಷಣೆ, ವಿನ್ಯಾಸ, ನಿರ್ಮಾಣ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತ. ಇದರ ಬೇರು 1975ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಮಾಡಿಕೊಟ್ಟ ತರಬೇತಿ ಮಾದರಿಯಲ್ಲಿದೆ. ಗಾನ್ಯೆ ಹೇಳಿದ ಬೋಧನೆಯ ಒಂಬತ್ತು ಘಟನೆಗಳು. 5ಇ ಗೊತ್ತಿದ್ದವರಿಗೆ ಒಂದು ಸಂಜೆಯ ಓದು. ಕರ್ಕ್‌ಪ್ಯಾಟ್ರಿಕ್‌ನ ನಾಲ್ಕು ಹಂತದ ಮೌಲ್ಯಮಾಪನ: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಮಾಡುತ್ತಿದ್ದಾರೆಯೇ, ಸಂಸ್ಥೆಗೆ ಫಲ ಸಿಕ್ಕಿತೇ. ಶಾಲೆಯ ಪರೀಕ್ಷೆ ಎರಡನೇ ಹಂತದಲ್ಲಿ ನಿಲ್ಲುತ್ತದೆ, ಕಂಪನಿ ಕೇಳುವುದು ಮೂರು ಮತ್ತು ನಾಲ್ಕನ್ನು. ಕೊನೆಯದು ರಿಚರ್ಡ್ ಮೇಯರ್‌ನ ಮಲ್ಟಿಮೀಡಿಯಾ ತತ್ವಗಳು. ಅದರಲ್ಲಿ ಶಿಕ್ಷಕರು ತಕ್ಷಣ ಮುರಿಯುವ ತತ್ವ ಒಂದಿದೆ: ಚಿತ್ರ, ಧ್ವನಿ ಎರಡೂ ಇರುವ ಪರದೆಯ ಮೇಲೆ ಧ್ವನಿಯ ಮಾತುಗಳನ್ನೇ ಪೂರ್ತಿ ಬರೆದರೆ ಕಲಿಕೆ ಕುಗ್ಗುತ್ತದೆ, ಕಣ್ಣು ಚಿತ್ರ ಮತ್ತು ಅಕ್ಷರದ ನಡುವೆ ಹಂಚಿಹೋಗುತ್ತದೆ.

ದುಬಾರಿ ಸರ್ಟಿಫಿಕೇಟ್ ಕೋರ್ಸಿಗೆ ಹಣ ಕಟ್ಟುವ ಅವಸರ ಬೇಡ. ಕೇಂದ್ರ ಸರ್ಕಾರದ "ಸ್ವಯಂ" ಪೋರ್ಟಲಿನಲ್ಲಿ ಶೈಕ್ಷಣಿಕ ತಂತ್ರಜ್ಞಾನದ ಕೋರ್ಸುಗಳನ್ನು ಉಚಿತವಾಗಿ ಕಲಿಯಬಹುದು, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ಅಲ್ಲದೆ ಸ್ವಯಂ ಕೋರ್ಸುಗಳು ನಾಲ್ಕು ಭಾಗಗಳಲ್ಲಿ ಕಟ್ಟಲ್ಪಟ್ಟಿರುತ್ತವೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಸ್ವಮೌಲ್ಯಮಾಪನ. ಕಲಿಯುತ್ತಲೇ ಆ ರಚನೆಯನ್ನೂ ಗಮನಿಸಿದರೆ ವಿಶ್ವವಿದ್ಯಾಲಯದ ಕೆಲಸಕ್ಕೆ ಅರ್ಜಿ ಹಾಕುವಾಗ ಮಾತಾಡಲು ವಸ್ತು ಸಿಗುತ್ತದೆ.

ಮೊದಲ ಪ್ರಾಜೆಕ್ಟ್: ವಿಶ್ಲೇಷಣೆ

ಹೊಸಬರ ಪೋರ್ಟ್‌ಫೋಲಿಯೊಗಳಲ್ಲಿ, ಅಂದರೆ ಕೆಲಸದ ಮಾದರಿಗಳ ಸಂಗ್ರಹದಲ್ಲಿ, ದ್ಯುತಿಸಂಶ್ಲೇಷಣೆ, ಭಿನ್ನರಾಶಿ, ಸಮಯ ನಿರ್ವಹಣೆ ತುಂಬಿರುತ್ತವೆ. ನೇಮಕ ಮಾಡುವವರಿಗೆ ಅದರಿಂದ "ಇವರು ಇನ್ನೂ ಶಾಲೆಯಲ್ಲೇ ಇದ್ದಾರೆ" ಎಂಬುದಷ್ಟೇ ತಿಳಿಯುತ್ತದೆ. ದೊಡ್ಡವರು ದುಡಿಯುವ ಜಾಗದ ನಿಜವಾದ ಸಮಸ್ಯೆಯೊಂದನ್ನು ಆರಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಅಂಥದ್ದಕ್ಕೆ ಕೊರತೆ ಇಲ್ಲ. ಇಲ್ಲಿ ಉದಾಹರಣೆಗೆ 20 ಹಾಸಿಗೆಯ ಒಂದು ನರ್ಸಿಂಗ್ ಹೋಮನ್ನು ಊಹಿಸಿಕೊಳ್ಳೋಣ: ನರ್ಸಿಂಗ್ ಸಹಾಯಕಿಯರು ಆಸ್ಪತ್ರೆ ತ್ಯಾಜ್ಯವನ್ನು ಸರಿಯಾದ ಬಣ್ಣದ ಡಬ್ಬಿಗೆ ಹಾಕುವಂತಾಗಬೇಕು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ. ಸೂಜಿ ತೆಗೆದ ಸಿರಿಂಜು, ಸಲೈನ್ ನಳಿಕೆ, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಆಂಪ್ಯೂಲು, ಒಡೆದ ಬಾಟ್ಲಿ ನೀಲಿಗೆ. ರಕ್ತ ಹತ್ತಿದಂಥ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಶಿಕ್ಷಕರ ಮೊದಲ ಪ್ರವೃತ್ತಿ ಇದನ್ನೆಲ್ಲ ಇಪ್ಪತ್ತು ಸ್ಲೈಡಿನಲ್ಲಿ ಹೇಳುವುದು. ಕಾಯಿರಿ.

ಮೊದಲು ವ್ಯವಸ್ಥಾಪಕರ ಒಪ್ಪಿಗೆ ಪಡೆದು ಎರಡು ಪಾಳಿಯಲ್ಲಿ ಅರ್ಧರ್ಧ ಗಂಟೆ ನೋಡಿ. ರೋಗಿಗಳ, ಸಿಬ್ಬಂದಿಯ ಫೋಟೊ ತೆಗೆಯಬೇಡಿ, ಟಿಪ್ಪಣಿ ಸಾಕು. ಮೂರು ಪ್ರಶ್ನೆ ಕೈಯಲ್ಲಿರಲಿ. ಯಾವ ವಸ್ತು ಯಾವ ತಪ್ಪು ಡಬ್ಬಿಗೆ ಹೋಗುತ್ತಿದೆ? ಆ ಕ್ಷಣದಲ್ಲಿ ಏಕೆ? ಸರಿಯಾಗಿ ಮಾಡುವವರು ಏನು ಬೇರೆ ಮಾಡುತ್ತಾರೆ?

ಉತ್ತರಗಳನ್ನು ಎರಡು ಗುಂಪು ಮಾಡಿ. ಕೆಂಪು ಡಬ್ಬಿ ಕಾರಿಡಾರಿನ ಕೊನೆಯಲ್ಲಿದೆ, ಹತ್ತಿರ ಇರುವುದು ಹಳದಿ ಮಾತ್ರ, ಆದ್ದರಿಂದ ಕೈಗವಸು ಹಳದಿಗೆ ಬೀಳುತ್ತಿದೆ ಎಂದಾದರೆ ಅದು ತರಬೇತಿಯಿಂದ ಬಗೆಹರಿಯುವ ಸಮಸ್ಯೆಯಲ್ಲ. ಡಬ್ಬಿಯನ್ನು ಹಾಸಿಗೆಯ ಹತ್ತಿರ ತರಬೇಕು, ಅಷ್ಟೇ. ಸಿರಿಂಜಿನ ಹೊದಿಕೆ ಕಾಗದವೂ "ಆಸ್ಪತ್ರೆ ಕಸ" ಎಂದುಕೊಂಡು ಹಳದಿಗೆ ಹಾಕುತ್ತಿದ್ದರೆ ಅದು ತಿಳಿವಳಿಕೆಯ ಕೊರತೆ, ಏಕೆಂದರೆ ಅದು ಸಾಮಾನ್ಯ ಕಸ. ಇದಕ್ಕೆ ಪಾಠ ಬೇಕು. ಈ ಎರಡನ್ನು ಬೇರ್ಪಡಿಸಿ ಒಂದು ಪುಟದ ವರದಿ ಬರೆಯಿರಿ. ಪೋರ್ಟ್‌ಫೋಲಿಯೊದಲ್ಲಿ ಅತಿ ಹೆಚ್ಚು ಬೆಲೆ ಬಾಳುವ ಪುಟ ಇದೇ, ಏಕೆಂದರೆ ಹೊಸಬರಲ್ಲಿ ಇದನ್ನು ಬರೆಯುವವರು ವಿರಳ.

ನಂತರ ಉದ್ದೇಶ. "ತ್ಯಾಜ್ಯ ವಿಂಗಡಣೆಯ ಮಹತ್ವವನ್ನು ಅರಿಯುವರು" ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಅರಿತರೋ ಇಲ್ಲವೋ ಯಾರೂ ನೋಡಲಾರರು. ಹೀಗೆ ಬರೆಯಿರಿ: "ಇಂಜೆಕ್ಷನ್ ಕೊಟ್ಟಾದ ಮೇಲೆ ಟ್ರೇಯಲ್ಲಿ ಉಳಿದ ಸೂಜಿ, ಸಿರಿಂಜು, ಹತ್ತಿ, ಆಂಪ್ಯೂಲು, ಕೈಗವಸು, ಹೊದಿಕೆ ಕಾಗದ ಈ ಆರನ್ನೂ ಯಾರನ್ನೂ ಕೇಳದೆ ಸರಿಯಾದ ಡಬ್ಬಿಗೆ ಹಾಕುವರು." ಇದರಲ್ಲಿ ಸಂದರ್ಭ, ಕ್ರಿಯೆ, ಅಳತೆ ಮೂರೂ ಇವೆ. ಇಡೀ ಮಾಡ್ಯೂಲಿಗೆ, ಅಂದರೆ ಒಂದೇ ಸಲಕ್ಕೆ ಮುಗಿಸುವ ಪಾಠದ ಘಟಕಕ್ಕೆ, ಇಂಥ ಉದ್ದೇಶ ಎರಡು ಮೀರಬಾರದು.

ಸ್ಟೋರಿಬೋರ್ಡ್

ಗೂಗಲ್ ಡಾಕ್ಸಿನಲ್ಲಿ ಏಳು ಕಾಲಮ್ಮಿನ ಕೋಷ್ಟಕ ಹಾಕಿ: ಪರದೆ ಸಂಖ್ಯೆ, ಪರದೆಯ ಮೇಲಿನ ಬರಹ, ಧ್ವನಿ, ಚಿತ್ರ, ಕಲಿಯುವವರು ಮಾಡುವುದು, ಹಿಮ್ಮಾಹಿತಿ, ಡೆವಲಪರಿಗೆ ಸೂಚನೆ. ಎಂಟು ನಿಮಿಷದ ಮಾಡ್ಯೂಲಿಗೆ 12ರಿಂದ 14 ಪರದೆ ಸಾಕು. ವಿವರಣೆಯಿಂದ ಶುರು ಮಾಡದೆ, ಮೊದಲ ಪರದೆಯಲ್ಲೇ ಕೆಲಸ ಕೊಡಿ. ಒಂದು ಪರದೆ ಹೀಗಿರಬಹುದು.

ಬರಹ: "ಮೊದಲು ಯಾವುದು?" ಚಿತ್ರ: ಟ್ರೇಯಲ್ಲಿ ಆರು ವಸ್ತು, ಕೆಳಗೆ ನಾಲ್ಕು ಬಣ್ಣದ ಡಬ್ಬಿ ಮತ್ತು ಒಂದು ಸಾಮಾನ್ಯ ಕಸದ ಬುಟ್ಟಿ. ಧ್ವನಿ: "ಅಕ್ಕಾರ, ಇಂಜೆಕ್ಷನ್ ಕೊಟ್ಟಾತು. ಟ್ರೇದಾಗ ಸೂಜಿ, ಸಿರಿಂಜು, ಹತ್ತಿ ಎಲ್ಲಾ ಉಳದಾವು. ಮೊದಲ ಯಾವುದನ್ನ ತಗೀತೀರಿ, ಎಲ್ಲಿ ಹಾಕ್ತೀರಿ?" ಮಾಡುವುದು: ವಸ್ತುವನ್ನು ಮುಟ್ಟಿ, ಆಮೇಲೆ ಡಬ್ಬಿಯನ್ನು ಮುಟ್ಟುವುದು. ಸೂಜಿಯನ್ನು ಕೆಂಪಿಗೆ ಹಾಕಿದರೆ ಹಿಮ್ಮಾಹಿತಿ: "ಕೆಂಪು ಚೀಲದಾಗ ಸೂಜಿ ಹೋದರ, ಸಂಜಿಕೆ ಚೀಲ ಎತ್ತವರ ಕೈಗೆ ಚುಚ್ಚತದ. ಸೂಜಿ ತೂತ ಬೀಳದ ಬಿಳಿ ಡಬ್ಬಿಗೇ."

"ತಪ್ಪು, ಮತ್ತೆ ಪ್ರಯತ್ನಿಸಿ" ಎಂಬಷ್ಟೇ ಹಿಮ್ಮಾಹಿತಿ ಏನನ್ನೂ ಕಲಿಸುವುದಿಲ್ಲ. ಪ್ರತಿ ತಪ್ಪು ಆಯ್ಕೆಗೂ ಅದರದೇ ಪರಿಣಾಮ ಬರೆಯಬೇಕು. ತರಗತಿಯಲ್ಲಿ ನೀವು ಬಾಯಿಯಿಂದ ಹೇಳುತ್ತಿದ್ದ ಮಾತು ಈಗ ಈ ಕಾಲಮ್ಮಿಗೆ ಇಳಿಯಬೇಕು. ಸ್ಟೋರಿಬೋರ್ಡಿನಲ್ಲಿ ಅತಿ ಹೆಚ್ಚು ಸಮಯ ಹಿಡಿಯುವುದು ಅದೇ. ಇಲ್ಲಿ ಧಾರವಾಡ ಕಡೆಯ ಮಾತನ್ನೇ ಇಟ್ಟುಕೊಳ್ಳಿ. ಗ್ರಾಂಥಿಕ ಕನ್ನಡದಲ್ಲಿ ಹೇಳಿದರೆ ಸರ್ಕಾರಿ ಪ್ರಕಟಣೆ ಕೇಳಿದಂತಾಗಿ ಮನಸ್ಸು ಬೇರೆಡೆ ಹೋಗುತ್ತದೆ.

ಪ್ರಶ್ನೆ ಬರೆಯುವಾಗ ಪದೇಪದೇ ಆಗುವ ತಪ್ಪುಗಳು: ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿರುವುದು, "ಮೇಲಿನ ಎಲ್ಲವೂ" ಎಂಬ ಆಯ್ಕೆ, ಯಾರೂ ಆರಿಸದಂಥ ಪೆದ್ದು ಆಯ್ಕೆಗಳು. ಎಐ ಸಾಧನಗಳಿಂದ ಪ್ರಶ್ನೆ ತೆಗೆಸಿದಾಗ ಈ ಮೂರೂ ಒಟ್ಟಿಗೆ ಬರುವುದುಂಟು. ಕರಡಿಗೆ ಅವನ್ನು ಬಳಸಬಹುದು, ಕಂಪನಿಗಳೂ ಬಳಸುತ್ತವೆ. ತಪ್ಪು ಆಯ್ಕೆಗಳನ್ನು ಮಾತ್ರ ನೀವು ಕಣ್ಣಾರೆ ಕಂಡ ತಪ್ಪುಗಳಿಂದಲೇ ಬರೆಯಿರಿ.

ಕೊನೆಗೆ ಸ್ಟೋರಿಬೋರ್ಡನ್ನು ಒಬ್ಬ ಅನುಭವಿ ಸ್ಟಾಫ್ ನರ್ಸಿಗೆ ತೋರಿಸಿ. ಇವರೇ ನಿಮ್ಮ ವಿಷಯ ತಜ್ಞರು. "ಹೇಗಿದೆ" ಎಂದು ಕೇಳಿದರೆ "ಚೊಲೊ ಅದ" ಎಂಬ ಉತ್ತರ ಸಿಗುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ. "7ನೇ ಪರದೆಯಲ್ಲಿ ಕೈಗವಸು ಯಾವಾಗ ತೆಗೆಯುತ್ತಾರೆ, ಸೂಜಿ ಹಾಕುವ ಮೊದಲೋ ನಂತರವೋ" ಎಂಬಂಥ ಪ್ರಶ್ನೆ ಕೇಳಿ.

ಸಾಫ್ಟ್‌ವೇರ್, ಕನ್ನಡ ಅಕ್ಷರ, ಧ್ವನಿ

ನೇಮಕದ ಜಾಹೀರಾತುಗಳಲ್ಲಿ ಹೆಚ್ಚು ಕಾಣುವುದು ಇ-ಲರ್ನಿಂಗ್ ಪಾಠ ಕಟ್ಟುವ ಸಾಧನಗಳಾದ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಮತ್ತು ರೈಸ್. ಸ್ಟೋರಿಲೈನ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ವರ್ಷದ ಚಂದಾ ಶಿಕ್ಷಕರ ಸಂಬಳಕ್ಕೆ ಭಾರ, ಆದರೆ 30 ದಿನದ ಉಚಿತ ಪ್ರಯೋಗಾವಧಿ ಇದೆ. ಸ್ಟೋರಿಬೋರ್ಡ್, ಚಿತ್ರ, ಧ್ವನಿ ಎಲ್ಲ ಸಿದ್ಧವಾದ ಮೇಲೆಯೇ, ದಸರಾ ರಜೆಯ ಮೊದಲ ದಿನ, ಆ ಅವಧಿಯನ್ನು ಶುರು ಮಾಡಿ. ಕುತೂಹಲಕ್ಕೆಂದು ಜೂನ್‌ನಲ್ಲೇ ತೆರೆದವರಿಗೆ ಬೇಕಾದ ಹೊತ್ತಿಗೆ ದಿನ ಮುಗಿದಿರುತ್ತದೆ. ಅವಧಿ ಮುಗಿಯುವ ಮುನ್ನ ವೆಬ್ ರೂಪದಲ್ಲೂ ಸ್ಕಾರ್ಮ್ ರೂಪದಲ್ಲೂ (ಇದೇನೆಂದು ಮುಂದೆ ಹೇಳಿದೆ) ಪಬ್ಲಿಶ್ ಮಾಡಿ ಜಿಪ್ ಕಡತಗಳನ್ನು ಉಳಿಸಿಕೊಳ್ಳಿ. ಪೂರ್ತಿ ಉಚಿತ ದಾರಿ ಬೇಕಾದರೆ ಪರದೆಯ ಚಟುವಟಿಕೆಗಳನ್ನು ಕಟ್ಟುವ ಎಚ್‌5ಪಿ. ಲುಮಿ ಎಂಬ ಡೆಸ್ಕ್‌ಟಾಪ್ ಸಾಧನದಲ್ಲಿ ಅದನ್ನು ಇಂಟರ್‌ನೆಟ್ ಇಲ್ಲದೆಯೂ ಮಾಡಬಹುದು. ಕವಲೊಡೆಯುವ ಸನ್ನಿವೇಶ, ಎಳೆದು ಬಿಡುವ ಚಟುವಟಿಕೆ ಎರಡೂ ಅದರಲ್ಲಿವೆ.

ಕನ್ನಡದಲ್ಲಿ ಮಾಡ್ಯೂಲ್ ಕಟ್ಟುವಾಗ ಮೊದಲು ಕಾಡುವುದು ಅಕ್ಷರ. ಶಾಲೆಯ ಹಳೆಯ ಕಡತಗಳು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತವೆ, ಏಕೆಂದರೆ ಅಲ್ಲಿ ನಿಜಕ್ಕೂ ಉಳಿದಿರುವುದು ಕನ್ನಡ ಸಂಕೇತಗಳಲ್ಲ, ಕನ್ನಡದಂತೆ ಕಾಣುವ ಲ್ಯಾಟಿನ್ ಸಂಕೇತಗಳು. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿ. ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಇರಲಿ. ಸಾಲುಗಳ ಅಂತರ 1.4ರಿಂದ 1.5ಕ್ಕೆ ಏರಿಸಿ, ಇಂಗ್ಲಿಷಿಗೆಂದು ಇಟ್ಟ ಅಂತರದಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಬಟನ್ನುಗಳನ್ನು ಅಗಲ ಮಾಡಿ. ಕಟ್ಟಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಸರಿ ಕಂಡರೆ ಸಾಲದು, ಕನಿಷ್ಠ ಎರಡು ಬೇರೆ ಆಂಡ್ರಾಯ್ಡ್ ಫೋನಿನಲ್ಲಿ "ಸ್ವಚ್ಛತೆ", "ಆಂಪ್ಯೂಲ್", "ಶಸ್ತ್ರಚಿಕಿತ್ಸೆ" ಈ ಪದಗಳು ಒಡೆಯದೆ ಕಾಣುತ್ತವೆಯೇ ನೋಡಿ.

ಬಣ್ಣದ ವಿಷಯ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂದು ವೆಬ್ ಸುಗಮ್ಯತೆಯ ಮಾನದಂಡ ಹೇಳುತ್ತದೆ. ಹಳದಿ ಡಬ್ಬಿಯ ಮೇಲೆ ಬಿಳಿ ಅಕ್ಷರ ಇದರಲ್ಲಿ ಸೋಲುತ್ತದೆ, ಕಪ್ಪು ಬಳಸಿ. ಬಣ್ಣಗುರುಡು ಇರುವವರಿಗೆ ಬಣ್ಣ ಮಾತ್ರ ಸಾಲದು, ಪ್ರತಿ ಡಬ್ಬಿಯ ಮೇಲೆ ಬಣ್ಣದ ಹೆಸರನ್ನೂ ಬರೆಯಿರಿ.

ಧ್ವನಿಗೆ ಫೋನಿನ ರೆಕಾರ್ಡರ್ ಮತ್ತು ಧ್ವನಿ ತಿದ್ದುವ ಉಚಿತ ಸಾಫ್ಟ್‌ವೇರ್ ಆಡಾಸಿಟಿ ಸಾಕು. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಕಪಾಟಿನ ಎದುರು, ಬಾಯಿಂದ ಒಂದು ಗೇಣು ದೂರದಲ್ಲಿ ಫೋನ್ ಹಿಡಿದು, ಬೀದಿ ಏಳುವ ಮುನ್ನ ಬೆಳಗಿನ ಹೊತ್ತು ಧ್ವನಿಮುದ್ರಿಸಿ. ಮೊದಲ ಐದು ಸೆಕೆಂಡು ಸುಮ್ಮನಿರಿ. ಆ ಮೌನದಿಂದಲೇ ಆಡಾಸಿಟಿ ಹಿನ್ನೆಲೆ ಗದ್ದಲವನ್ನು ಗುರುತಿಸಿ ತೆಗೆಯುತ್ತದೆ. ಮೊನೊ, 64 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿದರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕವನ್ನು ಕನ್ನಡಕ್ಕೆ ಹಾಕಬೇಡಿ, ನಮ್ಮ ಪದಗಳು ಉದ್ದ. ಗಡಿಯಾರ ಇಟ್ಟು ಓದಿಯೇ ಅಳೆಯಿರಿ. ಒಂದು ಪರದೆಯ ಧ್ವನಿ 40 ಸೆಕೆಂಡು ದಾಟಿದರೆ ಪರದೆಯನ್ನು ಎರಡು ಮಾಡಿ.

ಸ್ಕಾರ್ಮ್ ಮತ್ತು ಎಲ್‌ಎಂಎಸ್

ಎಲ್‌ಎಂಎಸ್ ಎಂದರೆ ಕೋರ್ಸುಗಳನ್ನು ಇಟ್ಟು, ಯಾರು ಮುಗಿಸಿದರು, ಎಷ್ಟು ಅಂಕ ಎಂದು ದಾಖಲಿಸುವ ವ್ಯವಸ್ಥೆ. ಕೋರ್ಸು ಅದರೊಂದಿಗೆ ಮಾತಾಡುವ ನಿಯಮಾವಳಿ ಸ್ಕಾರ್ಮ್. 1.2 ಆವೃತ್ತಿ ಹಳೆಯದು, 2001ರದು, ಆದರೂ ಇನ್ನೂ ಬಳಕೆಯಲ್ಲಿದೆ. ಸ್ಕಾರ್ಮ್ ಕ್ಲೌಡ್ ಎಂಬ ಜಾಲತಾಣದಲ್ಲಿ ಉಚಿತ ಖಾತೆ ತೆರೆದು ನಿಮ್ಮ ಜಿಪ್ ಏರಿಸಿ, ಅರ್ಧದಲ್ಲಿ ಮುಚ್ಚಿ, ಮತ್ತೆ ತೆರೆದು, ನಿಂತಲ್ಲಿಂದ ಮುಂದುವರಿಯುತ್ತದೆಯೇ ನೋಡಿ. ಇಲ್ಲಿ ಎರಡು ದೋಷ ಸಾಮಾನ್ಯ. ಸ್ಕಾರ್ಮ್ 1.2 ಕಲಿಯುವವರ ಸ್ಥಿತಿಯನ್ನು ನೆನಪಿಡಲು 4096 ಅಕ್ಷರಗಳಷ್ಟೇ ಜಾಗ ಕೊಡುತ್ತದೆ; ಕೋರ್ಸು ದೊಡ್ಡದಾದರೆ ಅದು ತುಂಬಿ, ಕಲಿಯುವವರು ಪ್ರತಿಸಲ ಮೊದಲಿಂದ ಶುರು ಮಾಡಬೇಕಾಗುತ್ತದೆ. ಇನ್ನೊಂದು, ಈ ಆವೃತ್ತಿಯಲ್ಲಿ "ಮುಗಿಸಿದರು" ಮತ್ತು "ಪಾಸಾದರು" ಎರಡಕ್ಕೂ ಒಂದೇ ಕಲಂ. ಯಾವುದು ವರದಿಯಾಗಬೇಕೆಂದು ಪಬ್ಲಿಶ್ ಮಾಡುವಾಗಲೇ ಆರಿಸದಿದ್ದರೆ ಪಾಠ ಮುಗಿಸಿದವರೂ ಅಪೂರ್ಣ ಎಂದೇ ಕಾಣುತ್ತಾರೆ. ಈ ಎರಡನ್ನು ಸಂದರ್ಶನದಲ್ಲಿ ವಿವರಿಸಬಲ್ಲ ಶಿಕ್ಷಕರನ್ನು ಯಾರೂ ಹೊಸಬರೆಂದು ಬದಿಗಿಡುವುದಿಲ್ಲ.

ಮೊದಲ ಮಾಡ್ಯೂಲಿಗೆ ವಿಶ್ಲೇಷಣೆಯಿಂದ ಪರೀಕ್ಷೆಯವರೆಗೆ 50ರಿಂದ 60 ಗಂಟೆ ಹಿಡಿದರೆ ಗಾಬರಿ ಬೇಡ. ಮುಗಿದ ಮೇಲೆ ಮೂವರು ಸಹಾಯಕಿಯರ ಕೈಗೆ ಫೋನ್ ಕೊಟ್ಟು ಸುಮ್ಮನೆ ಕೂತು ನೋಡಿ. ಬಾಯಿ ಬಿಡಬಾರದು. ಬಾಯಿ ಬಿಡಬೇಕೆನಿಸಿದ ಪ್ರತಿ ಜಾಗವೂ ತಿದ್ದಬೇಕಾದ ಪರದೆ.

ಪೋರ್ಟ್‌ಫೋಲಿಯೊ

ಮೂರು ಮಾದರಿ ಸಾಕು, ಮೂರೂ ಬೇರೆ ಬಗೆಯವು. ಮೇಲಿನ ಮಾಡ್ಯೂಲ್ ಒಂದು. ಎರಡನೆಯದು ಒಂದೇ ಪುಟದ ಕೈಚೀಟಿ: ಬ್ಯಾಡಗಿ ಮಾರುಕಟ್ಟೆಗೆ ಮೊದಲ ಸಲ ಮೆಣಸಿನಕಾಯಿ ತರುವ ರೈತರು ಚೀಲ ಇಳಿಸಿದಲ್ಲಿಂದ ಟೆಂಡರ್ ಮುಗಿದು ಹಣ ಕೈಗೆ ಬರುವವರೆಗೆ ಮಾಡಬೇಕಾದದ್ದು, ಮಾರುಕಟ್ಟೆಯಲ್ಲೇ ಕೇಳಿ ಖಚಿತಪಡಿಸಿಕೊಂಡು. ಮೂರನೆಯದು ಮುಖಾಮುಖಿ ತರಬೇತಿಯ ಒಂದು ಗಂಟೆಯ ಮಾರ್ಗದರ್ಶಿ: ಗದಗ ಜಿಲ್ಲೆಯ ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕರಿಗೆ, ಓದಲು ಬಾರದ ಮಗುವನ್ನು ಗುರುತಿಸುವುದು ಹೇಗೆ ಎಂಬ ವಿಷಯ. ಇದನ್ನು ನೀವಲ್ಲ, ಬೇರೊಬ್ಬರು ನಡೆಸುವಂತೆ, ನಿಮಿಷ ನಿಮಿಷದ ಸೂಚನೆಯೊಂದಿಗೆ ಬರೆಯಬೇಕು.

ಗೂಗಲ್ ಸೈಟ್ಸಿನಲ್ಲಿ ಉಚಿತವಾಗಿ ಪುಟ ಮಾಡಿ. ಪ್ರತಿ ಮಾದರಿಗೂ ಸಮಸ್ಯೆ, ಕಲಿಯುವವರು, ಯಾಕೆ ಈ ರೂಪ ಆರಿಸಿದಿರಿ, ಏನನ್ನು ಬಿಟ್ಟಿರಿ, ಪರೀಕ್ಷಿಸಿದಾಗ ಏನು ಬದಲಿಸಿದಿರಿ ಎಂದು ಇಂಗ್ಲಿಷಿನಲ್ಲಿ 200 ಪದ. ಕನ್ನಡದ ಮಾಡ್ಯೂಲಿಗೆ ಇಂಗ್ಲಿಷ್ ಸ್ಟೋರಿಬೋರ್ಡನ್ನು ಜೊತೆಗಿಡಿ. ಎರಡು ಭಾಷೆಯಲ್ಲಿ ಮಾಡಬಲ್ಲಿರಿ ಎಂಬುದು ನಿಮ್ಮ ಬಲ. ಪಠ್ಯಪುಸ್ತಕದ ಚಿತ್ರ, ಶಾಲೆಯ ಮಕ್ಕಳ ಫೋಟೊ, ಆಸ್ಪತ್ರೆಯ ಹೆಸರು ಎಲ್ಲೂ ಬರಬಾರದು.

ಅರ್ಜಿ ಮತ್ತು ಪರೀಕ್ಷೆ

ರೆಸ್ಯೂಮೆಯಲ್ಲಿ "8ನೇ ತರಗತಿಗೆ ವಿಜ್ಞಾನ ಬೋಧನೆ" ಎಂದಷ್ಟೇ ಬರೆದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. "ವರ್ಷಕ್ಕೆ ಇಷ್ಟು ಪಾಠ ಘಟಕಗಳನ್ನು ಕಲಿಕಾ ಫಲಗಳಿಂದ ಹಿಂದಕ್ಕೆ ಯೋಜಿಸಿದ್ದು, ನೀಲನಕ್ಷೆ ಆಧಾರಿತ ಪ್ರಶ್ನೆಪತ್ರಿಕೆ ರಚನೆ, ಫಲಿತಾಂಶ ನೋಡಿ ಪರಿಹಾರ ಬೋಧನೆಯ ಸಾಮಗ್ರಿ ತಯಾರಿಕೆ" ಎಂದು ನಿಮ್ಮ ನಿಜವಾದ ಸಂಖ್ಯೆಗಳೊಂದಿಗೆ ಬರೆಯಿರಿ. ಧಾರವಾಡ ಡಯಟ್ಟಿನ ಕಾರ್ಯಾಗಾರದಲ್ಲಿ ಸಂಪನ್ಮೂಲ ವ್ಯಕ್ತಿಯಾಗಿದ್ದರೆ, ದೀಕ್ಷಾ ವೇದಿಕೆಗೆ ಸಾಮಗ್ರಿ ಬರೆದಿದ್ದರೆ ಅದು ಮೊದಲ ಸಾಲಿಗೆ ಬರಬೇಕು; ದೊಡ್ಡವರಿಗೆ ಕಲಿಸಿದ, ಬೇರೆಯವರ ಬಳಕೆಗೆ ಸಾಮಗ್ರಿ ಬರೆದ ಅನುಭವ ಅದು.

ಬಹುತೇಕ ಸಂಸ್ಥೆಗಳು ಮನೆಯಲ್ಲಿ ಮಾಡುವ ಪರೀಕ್ಷೆ ಕೊಡುತ್ತವೆ: ನಾಲ್ಕು ಪುಟದ ಒಣ ದಾಖಲೆ ಕೊಟ್ಟು ಐದಾರು ಪರದೆಯ ಸ್ಟೋರಿಬೋರ್ಡ್ ಕೇಳುವುದು. ಅವರು ನೋಡುವುದು ನೀವು ಏನನ್ನು ಬಿಟ್ಟಿರಿ, ಪ್ರಶ್ನೆ ಕೆಲಸದ ಸನ್ನಿವೇಶದಲ್ಲಿದೆಯೇ ಎಂಬುದನ್ನು. ಇದಕ್ಕೆ ನಾಲ್ಕೈದು ಗಂಟೆ ಕೊಡಿ. 40 ಪರದೆಯ ಪೂರ್ತಿ ಕೋರ್ಸನ್ನೇ ಪರೀಕ್ಷೆ ಎಂದು ಕೇಳಿದರೆ ಅದು ಬಿಟ್ಟಿ ದುಡಿಮೆ. ಮೊದಲ ಐದು ಪರದೆ ಮಾಡಿ ಉಳಿದದ್ದಕ್ಕೆ ಸಂಭಾವನೆ ಎಷ್ಟೆಂದು ಕೇಳುವ ಹಕ್ಕು ನಿಮಗಿದೆ.

"ಶಾಲೆ ಏಕೆ ಬಿಡುತ್ತಿದ್ದೀರಿ" ಎಂಬ ಪ್ರಶ್ನೆಗೆ ಸಂಬಳ, ಒತ್ತಡದ ದೂರು ಬೇಡ. ನಿಮ್ಮ ಮೊದಲ ಪ್ರಾಜೆಕ್ಟಿನಲ್ಲಿ ಡಬ್ಬಿಯ ಜಾಗ ಬದಲಿಸಬೇಕೆಂದು ಕಂಡುಕೊಂಡದ್ದನ್ನು ಹೇಳಿ. ಮಾತು ತಾನಾಗಿ ಕೆಲಸದತ್ತ ತಿರುಗುತ್ತದೆ.

ಶಾಲೆ ಬಿಡುವ ಮುನ್ನ

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಶಿಕ್ಷಕರು ನೌಕರಿಯಲ್ಲಿದ್ದುಕೊಂಡು ಹಣ ಪಡೆದು ಬೇರೆ ಕೆಲಸ ಮಾಡಲು ಮೇಲಧಿಕಾರಿಗಳ ಪೂರ್ವಾನುಮತಿ ಬೇಕು. ಅಭ್ಯಾಸದ ಪ್ರಾಜೆಕ್ಟುಗಳಿಗೆ ಹಣ ತೆಗೆದುಕೊಳ್ಳಬೇಡಿ. ಕಾಯಂ ಸರ್ಕಾರಿ ಹುದ್ದೆ ಇರುವವರಿಗೆ ನಮ್ಮ ಸಲಹೆ ಸ್ಪಷ್ಟ: ರಾಜೀನಾಮೆಗೆ ಮೊದಲು ಡಯಟ್, ಡಿಎಸ್‌ಇಆರ್‌ಟಿಯಂಥ ಕಡೆ ಸಾಮಗ್ರಿ ರಚನೆಯ ಕೆಲಸ, ನಿಯೋಜನೆಯ ಅವಕಾಶ ಹುಡುಕಿ. ಪಿಂಚಣಿ, ಸೇವಾ ಭದ್ರತೆ ಒಮ್ಮೆ ಬಿಟ್ಟರೆ ಮರಳಿ ಸಿಗುವುದಿಲ್ಲ.

ಖಾಸಗಿ ಶಾಲೆಯವರು ಮಾರ್ಚ್ ಮೌಲ್ಯಮಾಪನ ಮುಗಿಸಿ, ಶೈಕ್ಷಣಿಕ ವರ್ಷದ ಕೊನೆಗೆ ಹೊರಬನ್ನಿ. ನಡುವೆ ಬಿಟ್ಟರೆ ಮಕ್ಕಳಿಗೂ ನಷ್ಟ, ಅನುಭವ ಪತ್ರಕ್ಕೂ ಅಲೆದಾಟ. ನೇಮಕ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟೆಂದು ಡಿಸೆಂಬರಿನಲ್ಲೇ ನೋಡಿ. ಮೂಲ ಅಂಕಪಟ್ಟಿಗಳನ್ನು ಶಾಲೆಯಲ್ಲಿ ಇರಿಸಿಕೊಂಡಿದ್ದರೆ ರಾಜೀನಾಮೆಯ ಮಾತೆತ್ತುವ ಮೊದಲೇ ಹಿಂಪಡೆಯಿರಿ. ಪಿಎಫ್ ಇದ್ದರೆ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಸಕ್ರಿಯವಾಗಿದೆಯೇ, ಆಧಾರಿನಲ್ಲಿರುವ ಹೆಸರಿಗೆ ಹೊಂದುತ್ತದೆಯೇ ಪರೀಕ್ಷಿಸಿ. ಹಣ ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಿ.

ಅನೇಕ ಶಿಕ್ಷಕರಿಗೆ ತಿಳಿಯದ ಒಂದು ಹಕ್ಕು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಇಡುಗಂಟು. ಐದು ವರ್ಷ ನಿರಂತರ ಸೇವೆ ಮಾಡಿದ ಖಾಸಗಿ ಶಾಲಾ ಶಿಕ್ಷಕರಿಗೂ ಅದು ಸಲ್ಲುತ್ತದೆ. 2009ರ ತಿದ್ದುಪಡಿ ಶಿಕ್ಷಕರನ್ನು ಅದರ ವ್ಯಾಪ್ತಿಗೆ ತಂದಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 18,000 ರೂಪಾಯಿ ವೇತನ, 7 ವರ್ಷ ಸೇವೆ ಇದ್ದರೆ ಸುಮಾರು 72,692 ರೂಪಾಯಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇದಲ್ಲದೆ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಒಪ್ಪಂದದ ಕೆಲಸದಲ್ಲಿ ಬಿಲ್ ಕೊಟ್ಟ ಮೇಲೆ ಹಣ ಬರಲು ಒಂದೂವರೆ ಎರಡು ತಿಂಗಳಾಗುವುದುಂಟು.

ಕೆಲಸ ಸಿಕ್ಕ ಮೇಲೆ ಮೊದಲ ಮೂರು ತಿಂಗಳು

ತರಗತಿಯಲ್ಲಿ ನಿಮ್ಮ ಪಾಠವನ್ನು ಯಾರೂ ಸಾಲು ಸಾಲಾಗಿ ತಿದ್ದುತ್ತಿರಲಿಲ್ಲ. ಇಲ್ಲಿ ಒಂದು ಸ್ಟೋರಿಬೋರ್ಡಿಗೆ ಹತ್ತಾರು ಟಿಪ್ಪಣಿ ಬರುತ್ತವೆ. ಪ್ರತಿ ಟಿಪ್ಪಣಿಗೂ ಒಪ್ಪಿದೆ, ಒಪ್ಪಿಲ್ಲ ಏಕೆಂದರೆ, ಸ್ಪಷ್ಟನೆ ಬೇಕು, ಈ ಮೂರರಲ್ಲಿ ಒಂದು ಉತ್ತರ ಬರೆಯಿರಿ. ಸುಮ್ಮನೆ ತಿದ್ದಿ ಕಳಿಸಿದರೆ ಅದೇ ಚರ್ಚೆ ಮೂರನೇ ಸುತ್ತಿನಲ್ಲಿ ಮತ್ತೆ ಏಳುತ್ತದೆ. ಕಡತದ ಹೆಸರಿನಲ್ಲಿ ಪ್ರಾಜೆಕ್ಟ್, ಆವೃತ್ತಿ, ದಿನಾಂಕ ಇರಲಿ. "ಫೈನಲ್" ಎಂಬ ಪದವನ್ನು ಕಡತಕ್ಕೆ ಇಡಬೇಡಿ, ಹಳೆಯ ಕಡತ ಡೆವಲಪರ್ ಕೈಗೆ ಹೋಗುವುದು ಹೀಗೆಯೇ.

ವಿಷಯ ತಜ್ಞರು ತಡ ಮಾಡುವುದು ಈ ವೃತ್ತಿಯ ನಿತ್ಯದ ಕಷ್ಟ. ಅವರಿಗೆ ಇದು ಹೆಚ್ಚುವರಿ ಕೆಲಸ. 30 ಪುಟ ಕಳಿಸಿ ಓದಿ ಎಂದರೆ ಓದುವುದಿಲ್ಲ. ಐದು ಪರದೆ, ನಾಲ್ಕು ಪ್ರಶ್ನೆ, 20 ನಿಮಿಷದ ಕರೆ ಎಂದು ಕೇಳಿ, ಕರೆಯಲ್ಲೇ ಅವರ ಉತ್ತರವನ್ನು ದಾಖಲೆಯಲ್ಲಿ ಬರೆದು ತೋರಿಸಿ, ಅದೇ ದಿನ ಇಮೇಲಿನಲ್ಲಿ ಒಪ್ಪಿಗೆ ಪಡೆಯಿರಿ. ಎರಡು ದಿನ ಉತ್ತರ ಬರದಿದ್ದರೆ ಪ್ರಾಜೆಕ್ಟ್ ಮ್ಯಾನೇಜರಿಗೆ ತಿಳಿಸಿ, ಕೊನೆಯ ದಿನದವರೆಗೆ ಕಾಯಬೇಡಿ.